ಬ್ಯಾಟರಿ ಇರುವ ಗಿಟಾರ್, ಬ್ಯಾಟರಿ ಇಲ್ಲದ ಗಿಟಾರ್



ಈ ವಾರ ಸೊಕ್ಕೆಯ ನಮ್ಮ ಜಗಲಿಗೆ ಬಂದಿರುವ ಅತಿಥಿ ಗಿಟಾರ್. ‘ನಮಗೂ ಗಿಟಾರಿಗೂ ಏನು ಸಂಬಂಧ?’ ಎಂದು ಅಜ್ಜಂದಿರು ಪುಟ ತಿರುವುವ ಮೊದಲು ಒಂದು ಮಾತು ಕೇಳಿ. ಚಿಕ್ಕಂದಿನಲ್ಲಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಡೈನಮೋ ಒತ್ತಿಸಿ, ಅದರ ಬೆಳಕಿನಲ್ಲಿ ರಾತ್ರಿ ಊರು ಸೇರಿದ ನೆನಪಿದೆಯೇ? ಇದ್ದರೆ ಇವತ್ತಿನ ಪಾಠದ ಅರ್ಧ ನಿಮಗೆ ಆಗಲೇ ಗೊತ್ತಿದೆ. ಉಳಿದರ್ಧವನ್ನು ಮೊಮ್ಮಕ್ಕಳ ಜೊತೆ ಕೂತು ಓದಿ.

ಪ್ರಶ್ನೆ ತಂದವರು ನಮ್ಮ ಬೀದಿಯ ಒಬ್ಬ ಅಜ್ಜಿ ಮತ್ತು ಅವರ ಮೊಮ್ಮಗ. ಹುಡುಗ ಈಗ ಜಗಳೂರಿನಲ್ಲಿ ಪಿಯುಸಿ ಓದುತ್ತಿದ್ದಾನೆ. ಅವನ ತಂದೆ ದಾವಣಗೆರೆಯ ಕಡೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು, ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಅವರ ಗಿಟಾರ್ ಈಗ ಮಗನ ಕೈಯಲ್ಲಿದೆ. ಹೋದ ವರ್ಷ ಜಾತ್ರೆಯ ರಸಮಂಜರಿಯಲ್ಲಿ ಇವನು ಮೊದಲ ಸಲ ವೇದಿಕೆ ಹತ್ತಿದ. ಹಾಡು ನಿಂತ ಕೂಡಲೇ ಸ್ಪೀಕರಿನಿಂದ ಒಂದೇ ಸಮನೆ ‘ಗುಂಯ್’ ಎಂಬ ಸದ್ದು. ಹಿಂದಿನಿಂದ ಯಾರೋ “ಜೇನು ಎದ್ದಾವೆ, ಓಡ್ರಪ್ಪೋ!” ಎಂದು ಕೂಗಿದರು. ಇಡೀ ಮೈದಾನ ನಕ್ಕಿತು. ಹದಿನೇಳು ವರ್ಷದ ಹುಡುಗನಿಗೆ ಆ ನಗು ಎಷ್ಟು ದೊಡ್ಡದಾಗಿ ಕೇಳಿಸಿರಬಹುದು ಎಂದು ನೀವೇ ಊಹಿಸಿ.

“ಸಾರ್, ಈ ಹಳೇ ಪಿಕಪ್‌ಗಳನ್ನ ಕಿತ್ತಾಕಿ ಬ್ಯಾಟರಿದು ಹಾಕಿಸ್ತೀನಿ. ಅದರ ಹೆಸರು ಆ್ಯಕ್ಟಿವ್ ಪಿಕಪ್. ಸೌಂಡೂ ಜಾಸ್ತಿ, ಗುಂಯ್ ಅನ್ನಲ್ಲ” ಎಂದ ಹುಡುಗ.

“ಎರಡು ಕುರಿ ಕೊಟ್ರೆ ಸರಿಹೋಗುತ್ತಂತೆ ಮೇಷ್ಟ್ರೇ. ಕೊಡಲೋ ಬ್ಯಾಡವೋ ನೀವೇ ಹೇಳಿ” ಎಂದರು ಅಜ್ಜಿ. ಮಳೆ ನೆಚ್ಚಿ ಮೆಕ್ಕೆಜೋಳ, ಶೇಂಗಾ ಹಾಕುವ ನಮ್ಮ ಕಡೆಯಲ್ಲಿ ಕುರಿ ಎಂದರೆ ಕಷ್ಟಕಾಲದ ಬ್ಯಾಂಕು. ಹಾಗಾಗಿ ಬಾಯಿಗೆ ಬಂದ ಉತ್ತರ ಕೊಡುವಂತಿರಲಿಲ್ಲ. “ಮೊದಲು ಅರ್ಥ ಮಾಡಿಕೊಳ್ಳೋಣ, ಆಮೇಲೆ ಕಿವಿಯಿಂದ ಪರೀಕ್ಷೆ ಮಾಡೋಣ, ಕುರಿಯ ಮಾತು ಕೊನೆಗೆ” ಎಂದೆ.

ಗಿಟಾರಿನ ಕಿವಿ

ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ತಂತಿಯ ಸಣ್ಣ ದನಿಯನ್ನು ದೊಡ್ಡದು ಮಾಡುವ ಕೆಲಸ ಆ ಟೊಳ್ಳಿನದು. ಎಲೆಕ್ಟ್ರಿಕ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಹಲಗೆ, ಟೊಳ್ಳಿಲ್ಲ. ಹಾಗೇ ಮೀಟಿದರೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುತ್ತದೆ. ತಂತಿಯ ಕೆಳಗೆ ಕೂತಿರುವ ‘ಪಿಕಪ್’ ಎಂಬ ಸಣ್ಣ ಪೆಟ್ಟಿಗೆಯೇ ಅದರ ಕಿವಿ.

ಈ ಪೆಟ್ಟಿಗೆಯಲ್ಲಿ ಇರುವುದು ಎರಡೇ ವಸ್ತು. ಒಂದು, ಅಯಸ್ಕಾಂತ. ಇನ್ನೊಂದು, ಅದರ ಸುತ್ತ ಸುತ್ತಿದ ಕೂದಲಿನಷ್ಟು ತೆಳು ತಾಮ್ರದ ತಂತಿಯ ಸುರುಳಿ. ಎಷ್ಟು ಸುತ್ತು ಗೊತ್ತೇ? ಸಾಮಾನ್ಯ ಪಿಕಪ್ ಒಂದರಲ್ಲಿ ಏಳೆಂಟು ಸಾವಿರ ಸುತ್ತು!

1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಸುರುಳಿಯ ಒಳಗಿನ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸೈಕಲ್ ಡೈನಮೋದಲ್ಲಿ ಅಯಸ್ಕಾಂತ ತಿರುಗುತ್ತದೆ, ದೀಪ ಹೊತ್ತುತ್ತದೆ. ಗಿಟಾರಿನಲ್ಲಿ ಅಯಸ್ಕಾಂತ ಅಲುಗದೆ ಕೂತಿರುತ್ತದೆ, ಅದರ ಮೇಲೆ ಉಕ್ಕಿನ ತಂತಿ ಅದುರುತ್ತದೆ. ತಂತಿ ಸೆಕೆಂಡಿಗೆ 110 ಸಲ ಅದುರಿದರೆ ಸುರುಳಿಯ ವಿದ್ಯುತ್ತೂ 110 ಸಲ ಹಿಂದೆಮುಂದೆ ಓಡುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಅಂದರೆ ಪಿಕಪ್ ಕೇಳುವುದು ಗಾಳಿಯ ಸದ್ದನ್ನಲ್ಲ, ಉಕ್ಕಿನ ಅಲುಗಾಟವನ್ನು. ಅದರ ಮುಂದೆ ನೀವು ಎಷ್ಟೇ ಕೂಗಿದರೂ ಅದಕ್ಕೆ ಹೆಚ್ಚೇನೂ ಕೇಳದು. ನೈಲಾನ್ ತಂತಿಯೂ ಅದಕ್ಕೆ ಕೇಳದು, ಬರೀ ಹಿತ್ತಾಳೆಯ ತಂತಿಯೂ ಕೇಳದು. ವೀಣೆಯಲ್ಲಿ ಉಕ್ಕಿನ ತಂತಿಯ ಜೊತೆಗೆ ಹಿತ್ತಾಳೆಯದ್ದೂ ಇರುವುದುಂಟು. ಅಂಥ ಕಡೆ ಮರದ ಅದುರುವಿಕೆಯನ್ನು ಹಿಡಿಯುವ, ಮೈಗೆ ಅಂಟಿಸುವ ಬೇರೆ ಬಗೆಯ ಮೈಕು ಅನುಕೂಲ.

ಇಂಥ ಪಿಕಪ್ ಇರುವ ಗಿಟಾರನ್ನು ಮೊದಲು ಮಾರಾಟಕ್ಕೆ ತಂದವರು ಅಮೆರಿಕದ ಜಾರ್ಜ್ ಬೋಚಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್. ಅದು 1930ರ ದಶಕದ ಆರಂಭ. ದುಂಡನೆ ಮೈ, ಉದ್ದನೆ ಕತ್ತಿನ ಆ ಅಲ್ಯೂಮಿನಿಯಂ ಗಿಟಾರಿಗೆ ಜನ ಇಟ್ಟ ಅಡ್ಡಹೆಸರು ‘ಬಾಣಲೆ’! ಹೊಗೆಸೊಪ್ಪಿನ ಕಡ್ಡಿ ಕೊಡಿ ಎಂದಷ್ಟು ಸಲೀಸಾಗಿ ಅಲ್ಲಿನವರು ‘ಬಾಣಲೆ ಕೊಡಿ’ ಎನ್ನುತ್ತಿದ್ದರೋ ಏನೋ!

ಇಲ್ಲೊಂದು ಹೆಮ್ಮೆಯ ಮಾತು ಸೇರಿಸಿಬಿಡುತ್ತೇನೆ. ಲೋಕದ ಎಷ್ಟೋ ಗಿಟಾರುಗಳಲ್ಲಿ ಬೆರಳು ಓಡಾಡುವ ಕಪ್ಪು ಕಂದು ಪಟ್ಟಿಯಿದೆಯಲ್ಲ, ಅದಕ್ಕೆ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆ ಹೆಸರಾದದ್ದು.

ಜೇನು ಎಲ್ಲಿಂದ ಬಂತು?

ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಓಡುತ್ತದೆ. ಹಾಗೆ ಓಡುವ ತಂತಿ, ಟ್ರಾನ್ಸ್‌ಫಾರ್ಮರ್, ಮೋಟಾರು ಎಲ್ಲದರ ಸುತ್ತಲೂ ಅಲುಗುವ ಕಾಂತಕ್ಷೇತ್ರ ಇರುತ್ತದೆ. ಪಿಕಪ್ಪಿನ ಸುರುಳಿಗೆ ಗಿಟಾರಿನ ತಂತಿ ಯಾವುದು, ಬೋರ್‌ವೆಲ್ಲಿನ ಮೋಟಾರು ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಹಿಡಿದು ಸ್ಪೀಕರಿಗೆ ಒಪ್ಪಿಸುತ್ತದೆ. ಜಾತ್ರೆಯಲ್ಲಿ ಕೇಳಿದ ಜೇನು ಇದೇ.

ಇದಕ್ಕೊಂದು ಜಾಣ ಉಪಾಯವನ್ನು 1955ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಸೇತ್ ಲವರ್ ಮಾಡಿದರು. ಒಂದು ಸುರುಳಿಯ ಬದಲು ಎರಡು. ಎರಡನೆಯದನ್ನು ಉಲ್ಟಾ ಜೋಡಿಸಿ, ಅದರ ಅಯಸ್ಕಾಂತದ ಧ್ರುವವನ್ನೂ ಉಲ್ಟಾ ಇಟ್ಟರು. ಎರಡು ಸಲ ಉಲ್ಟಾ ಆದದ್ದು ಮತ್ತೆ ನೇರ. ಆದ್ದರಿಂದ ಗಿಟಾರ್ ತಂತಿಯ ದನಿ ಎರಡರಲ್ಲೂ ಒಂದೇ ದಿಕ್ಕಿನಲ್ಲಿ ಬರುತ್ತದೆ. ಹೊರಗಿನ ಗುಂಯ್‌ಗೆ ಒಳಗಿನ ಅಯಸ್ಕಾಂತದ ಹಂಗಿಲ್ಲ, ಅದು ಒಂದೇ ಸಲ ಉಲ್ಟಾ ಆಗುತ್ತದೆ. ಮಕ್ಕಳೇ, ಲೆಕ್ಕ ಹಾಕಿ: ಮೊದಲ ಸುರುಳಿಯಲ್ಲಿ ತಂತಿಯ ದನಿ 5, ಗುಂಯ್ 2. ಎರಡನೆಯದರಲ್ಲಿ ತಂತಿಯ ದನಿ 5, ಗುಂಯ್ ಋಣ 2. ಕೂಡಿಸಿ. ದನಿ 10, ಗುಂಯ್ ಸೊನ್ನೆ! ಇಂಥ ಪಿಕಪ್ಪಿಗೆ ‘ಹಂಬಕರ್’ ಎಂದು ಹೆಸರು. ಇದಕ್ಕೆ ಬ್ಯಾಟರಿ ಬೇಕಿಲ್ಲ. ಈ ಲೆಕ್ಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬ್ಯಾಟರಿ ಮಾಡುವ ಕೆಲಸ

ಬ್ಯಾಟರಿ ಇಲ್ಲದ ಪಿಕಪ್ಪಿಗೆ ‘ಪ್ಯಾಸಿವ್’ ಎನ್ನುತ್ತಾರೆ. ತಂತಿಯ ಅಲುಗಾಟದಿಂದ ಹುಟ್ಟಿದ್ದಷ್ಟೇ ಅದರ ಗಳಿಕೆ. ಸಾಮಾನ್ಯವಾಗಿ ಅದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು, ಜೋರಾಗಿ ಹೊಡೆದಾಗ ಕ್ಷಣಕಾಲ ಇನ್ನೂ ಹೆಚ್ಚು. ಆ ಗಳಿಕೆ ಹೆಚ್ಚಬೇಕೆಂದರೆ ಸುತ್ತು ಹೆಚ್ಚಬೇಕು. ಸುತ್ತು ಹೆಚ್ಚಿದಷ್ಟೂ ಸುರುಳಿ ಭಾರವಾಗಿ, ಮೇಲಿನ ಸಣ್ಣ ಹೊಳಪು ದನಿಗಳು ಮಂಕಾಗುತ್ತವೆ. ಒಂದು ಬೇಕೆಂದರೆ ಇನ್ನೊಂದು ಬಿಡಬೇಕು.

‘ಆ್ಯಕ್ಟಿವ್’ ಪಿಕಪ್ಪಿನಲ್ಲೂ ಅಯಸ್ಕಾಂತ, ಸುರುಳಿ ಇವೆ. ಆದರೆ ಸುತ್ತು ಕಡಿಮೆ. ಹುಟ್ಟಿದ ಚಿಕ್ಕ ದನಿಯನ್ನು ಅಲ್ಲೇ ಪಕ್ಕದಲ್ಲಿ ಕೂತ ಪುಟ್ಟ ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಅದಕ್ಕೆ ಊಟ 9 ವೋಲ್ಟಿನ ಚೌಕ ಬ್ಯಾಟರಿ. ಅಮೆರಿಕದ ರಾಬ್ ಟರ್ನರ್ 1970ರ ದಶಕದಲ್ಲಿ ಕಟ್ಟಿದ ಇಎಂಜಿ ಕಂಪನಿ ಇಂಥವುಗಳಿಗೆ ಹೆಸರುವಾಸಿ.

ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ಪ್ಯಾಸಿವ್ ಪಿಕಪ್ ಒಂದು ಒರತೆ. ನೀರು ಸಿಹಿ, ಆದರೆ ಒತ್ತಡ ಕಡಿಮೆ. ಉದ್ದನೆ ತೂತು ಪೈಪು ಜೋಡಿಸಿದರೆ ಹೊಲ ತಲುಪುವ ಮೊದಲೇ ಒಂದಷ್ಟು ಸೋರುತ್ತದೆ. ಆ್ಯಕ್ಟಿವ್ ಎಂದರೆ ಒರತೆಯ ಬಾಯಿಗೇ ಪಂಪು ಕೂರಿಸಿದ ಹಾಗೆ. ಪೈಪು ಉದ್ದವಾದರೂ ನೀರು ತಲುಪುತ್ತದೆ.

ಪೈಪು ಅಂದರೆ ಗಿಟಾರಿನ ಕೇಬಲ್ಲು. ಅದರಲ್ಲಿ ಸೋರುವುದು ಎಲ್ಲ ದನಿಯಲ್ಲ, ಮೇಲಿನ ಹೊಳಪು ದನಿಗಳು. ಪ್ಯಾಸಿವ್ ಸುರುಳಿಯೂ ಕೇಬಲ್ಲೂ ಸೇರಿ ಒಂದು ಉಯ್ಯಾಲೆಯಂತೆ ವರ್ತಿಸುತ್ತವೆ. ಉಯ್ಯಾಲೆಗೆ ತನ್ನದೇ ಲಯ ಇರುವಂತೆ ಅವಕ್ಕೂ ಒಂದು ಮೆಚ್ಚಿನ ಕಂಪನವಿದೆ. ಅಲ್ಲಿ ದನಿ ಉಬ್ಬುತ್ತದೆ, ಅದರಾಚೆ ಇಳಿದುಹೋಗುತ್ತದೆ. ಸಾಧಾರಣ ಒಂದು ಸುರುಳಿಯ ಪಿಕಪ್ಪಿಗೆ 3 ಮೀಟರ್ ಕೇಬಲ್ ಹಾಕಿದರೆ ಆ ಉಬ್ಬು ಸೆಕೆಂಡಿಗೆ ಸುಮಾರು 5000 ಕಂಪನದ ಬಳಿ ಬರುತ್ತದೆ. 15 ಮೀಟರ್ ಹಾಕಿದರೆ ಸುಮಾರು 2500ಕ್ಕೆ ಇಳಿಯುತ್ತದೆ. ಗಿಟಾರ್ ಅದೇ, ಕೈ ಅದೇ, ಕೇಬಲ್ ಮಾತ್ರ ಉದ್ದ. ದನಿಯ ಬಣ್ಣವೇ ಬೇರೆ!

ಅರಮನೆ ಮೈದಾನದ ಸಾಕ್ಷಿ

ಇವೆರಡರಲ್ಲಿ ಯಾವುದು ಮೇಲು? ದೊಡ್ಡ ದೊಡ್ಡ ಕಲಾವಿದರು ಏನು ಬಳಸುತ್ತಾರೆ ನೋಡೋಣ ಎಂದು ಹುಡುಗನಿಗೆ ಒಂದು ಮೈದಾನದ ಕಥೆ ಹೇಳಿದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡ ನುಡಿಸಿತು. ಆ ತಂಡದ ಹಳೆಯ ಗಿಟಾರ್ ವಾದಕ ಡೇವ್ ಮರೆ ಹೆಸರಾದದ್ದು ಬ್ಯಾಟರಿ ಇಲ್ಲದ ಪಿಕಪ್‌ಗಳಿಂದ. ಅದೇ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಾಲಿಕಾ ತಂಡ ನುಡಿಸಿತು. ಅದರ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಕಿರ್ಕ್ ಹ್ಯಾಮೆಟ್ ಇಎಂಜಿ ಆ್ಯಕ್ಟಿವ್ ಪಿಕಪ್‌ಗಳಿಗೆ ಪ್ರಸಿದ್ಧರು. ಎರಡೂ ಸಲ ಸಾವಿರಾರು ಜನ ಕುಣಿದರು. ಮೈದಾನ ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ!

“ಹಾಗಾದ್ರೆ ನಮ್ಮ ಜಗಲೀನೇ ತೀರ್ಪು ಕೊಡಲಿ” ಎಂದ ಹುಡುಗ.

ಜಗಲಿಯ ಮೇಲೆ ಪರೀಕ್ಷೆ

ದಾವಣಗೆರೆಯಿಂದ ಅವನ ಗೆಳೆಯನೊಬ್ಬ ಆ್ಯಕ್ಟಿವ್ ಪಿಕಪ್ ಇರುವ ಗಿಟಾರ್ ತಂದ. ಆಂಪ್ಲಿಫೈಯರ್ ಒಂದೇ, ಕೇಬಲ್ ಒಂದೇ, ನುಡಿಸುವ ಕೈ ಒಂದೇ, ನುಡಿಸುವ ಸ್ವರಗಳೂ ಅವೇ. ಗಿಟಾರ್ ಮಾತ್ರ ಎರಡು. ಕೇಳುಗರು ಆರು ಜನ: ಅಜ್ಜಿ, ಬೀದಿಯ ಇಬ್ಬರು ಹಿರಿಯರು, ಮೂವರು ಶಾಲೆಯ ಮಕ್ಕಳು. ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಕೂತರು.

ಮೊದಲ ಸುತ್ತಿನಲ್ಲಿ ಆಂಪ್ಲಿಫೈಯರಿನ ಗುಂಡಿಯನ್ನು ಮುಟ್ಟದೆ ಎರಡನ್ನೂ ನುಡಿಸಿದ. ‘ಯಾವುದು ಚೆನ್ನ?’ ಎಂದರೆ ಐದು ಕೈಗಳು ಆ್ಯಕ್ಟಿವ್ ಕಡೆಗೆ ಎದ್ದವು. ಅದರ ದನಿ ಎದ್ದು ಕಾಣುವಷ್ಟು ಜೋರಾಗಿತ್ತು.

ಎರಡನೇ ಸುತ್ತಿಗೆ ಮೊದಲು ಒಂದೇ ಒಂದು ಕೆಲಸ ಮಾಡಿದೆವು. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಇಟ್ಟುಕೊಂಡು, ಎರಡರ ಜೋರನ್ನೂ ಸಮ ಮಾಡಿದೆವು. ಮತ್ತೆ ಕೇಳಿದಾಗ ಮೂರು ಕೈ ಆ ಕಡೆ, ಮೂರು ಕೈ ಈ ಕಡೆ!

ಮಕ್ಕಳೇ, ಇದು ನೆನಪಿಡಬೇಕಾದ ಸಂಗತಿ. ಎರಡು ಸದ್ದುಗಳಲ್ಲಿ ತುಸು ಜೋರಾಗಿರುವುದು ನಮ್ಮ ಕಿವಿಗೆ ‘ಚೆನ್ನಾಗಿದೆ’ ಎಂದು ಕೇಳಿಸುತ್ತದೆ. ಅಂಗಡಿಯಲ್ಲಿ ರೇಡಿಯೋ, ಸ್ಪೀಕರ್ ಕೊಳ್ಳುವಾಗಲೂ ಇದು ನಮ್ಮನ್ನು ಮರುಳು ಮಾಡುತ್ತದೆ. ಜೋರು ಬೇರೆ, ಸೊಗಸು ಬೇರೆ. ಜೋರು ಬೇಕಾದರೆ ಆಂಪ್ಲಿಫೈಯರಿನ ಗುಂಡಿ ತಿರುಗಿಸಿದರೆ ಸಾಕು, ಅದಕ್ಕೆ ಕುರಿ ಮಾರಬೇಕಿಲ್ಲ.

ಜೋರು ಸಮವಾದ ಮೇಲೆ ನಿಜವಾದ ವ್ಯತ್ಯಾಸಗಳು ಒಂದೊಂದಾಗಿ ಕಾಣಿಸಿದವು. ಆ್ಯಕ್ಟಿವ್ ಗಿಟಾರಿನಲ್ಲಿ ಆರೂ ತಂತಿಗಳ ದನಿ ಹದವಾಗಿ, ತೊಳೆದಿಟ್ಟ ಹಾಗೆ ಸ್ಪಷ್ಟ. ಬಿಡುವಿನಲ್ಲಿ ಪೂರ್ತಿ ಮೌನ. 15 ಮೀಟರ್ ಕೇಬಲ್ ಹಾಕಿದರೂ ಅದರ ದನಿ ಬದಲಾದದ್ದು ಯಾರಿಗೂ ತಿಳಿಯಲಿಲ್ಲ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕಿಳಿಸಿದಾಗ ಜೋರು ಇಳಿಯಿತು, ಬಣ್ಣ ಹಾಗೇ ಇತ್ತು.

ತಂದೆಯ ಗಿಟಾರ್ ಹಾಗಲ್ಲ. ಗುಂಡಿ ಅರ್ಧಕ್ಕಿಳಿಸಿದರೆ ದನಿ ಮೆತ್ತಗಾಗುವುದರ ಜೊತೆ ತುಸು ಮಬ್ಬೂ ಆಗುತ್ತಿತ್ತು. ಉದ್ದ ಕೇಬಲ್ ಹಾಕಿದಾಗ ಕಂಬಳಿ ಹೊದ್ದ ಹಾಗಾಯಿತು. ಆದರೆ ಬೆರಳ ತುದಿಯಲ್ಲಿ ಮೆಲ್ಲಗೆ ಮೀಟಿದರೆ ಒಂದು ಬಗೆ, ಕಡ್ಡಿಯಲ್ಲಿ ಹೊಡೆದರೆ ಇನ್ನೊಂದು ಬಗೆ. ನುಡಿಸುವವನ ಕೈಗೆ ಬೇಗ ಮಾತು ಕೇಳುವ ಹಸುವಿನಂತೆ. ಒಬ್ಬ ಹಿರಿಯರು “ಇದು ಸೌದೆ ಒಲೆ ರೊಟ್ಟಿ, ಅದು ಗ್ಯಾಸಿನ ರೊಟ್ಟಿ. ಎರಡೂ ಹೊಟ್ಟೆ ತುಂಬಿಸ್ತವೆ” ಎಂದರು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಎಲ್ಲ ಆ್ಯಕ್ಟಿವ್ ಪಿಕಪ್ಪೂ ಎಲ್ಲ ಪ್ಯಾಸಿವ್ ಪಿಕಪ್ಪಿಗಿಂತ ಜೋರಲ್ಲ. ಹೆಚ್ಚು ಸುತ್ತು, ಬಲವಾದ ಅಯಸ್ಕಾಂತ ಇರುವ ಪ್ಯಾಸಿವ್ ಹಂಬಕರ್‌ಗಳು ಜೋರಿನಲ್ಲಿ ಹೆಗಲೆಣೆಯಾಗಿ ನಿಲ್ಲುತ್ತವೆ. ಬ್ಯಾಟರಿಯ ನಿಜವಾದ ಲಾಭ ಜೋರಲ್ಲ. ಸುತ್ತು ಕಡಿಮೆ ಇಟ್ಟುಕೊಂಡೂ ದನಿ ಸೋರದ ಹಾಗೆ ದೂರ ಸಾಗಿಸಬಲ್ಲದು, ಗುಂಯ್ ಕಡಿಮೆ ಮಾಡಬಲ್ಲದು, ಅದು ಅದರ ಲಾಭ.

ಅಜ್ಜಿಯ ಆರಕ್ಕೆ ಆರು

ಇಷ್ಟಾದ ಮೇಲೆ ಅಜ್ಜಿ ಒಂದು ಮಾತು ಹೇಳಿದರು. “ನನಗೆ ನಮ್ಮವನ ಗಿಟಾರ್ ಯಾವುದು ಅಂತ ನೋಡದೇ ಗೊತ್ತಾಗುತ್ತೆ.”

ಮಕ್ಕಳಿಗೆ ಖುಷಿಯೋ ಖುಷಿ. ಪ್ರತಿ ಸಲವೂ ನಾಣ್ಯ ಚಿಮ್ಮಿ, ರಾಜ ಬಿದ್ದರೆ ಒಂದು, ಅಂಕಿ ಬಿದ್ದರೆ ಇನ್ನೊಂದು ಗಿಟಾರ್ ನುಡಿಸಬೇಕೆಂದು ಗೊತ್ತುಮಾಡಿದೆವು. ಆರು ಸಲ ನುಡಿಸಿದ. ಅಜ್ಜಿ ಆರಕ್ಕೆ ಆರೂ ಸರಿ ಹೇಳಿದರು! ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗನ ಮುಖ ಸಪ್ಪಗಾಯಿತು. ತಂದೆಯ ದನಿಯನ್ನು ಅಜ್ಜಿ ಇಷ್ಟು ಚೆನ್ನಾಗಿ ಗುರುತಿಸುವಾಗ ಆ ಪಿಕಪ್‌ಗಳನ್ನು ಕೀಳುವುದು ಹೇಗೆ?

ಆದರೆ ಪರೀಕ್ಷೆ ಮುಗಿದಿರಲಿಲ್ಲ. ಜಗಲಿಯ ಪಕ್ಕದಲ್ಲೇ ಕರೆಂಟಿನ ಮೀಟರು. ತಂದೆಯ ಗಿಟಾರ್ ನುಡಿಯುವ ಮೊದಲೇ ಸ್ಪೀಕರಿನಲ್ಲಿ ‘ಗುಂಯ್’ ಇರುತ್ತಿತ್ತು. ಅಜ್ಜಿ ಗುರುತಿಸಿದ್ದು ಗಿಟಾರಿನ ದನಿಯನ್ನೋ, ಗುಂಯ್ ಅನ್ನೋ? ಅದನ್ನು ತಿಳಿಯಲು ಗುಂಯ್ ಇಲ್ಲದ ಕಡೆ ಹೋಗಬೇಕು.

ಮರುದಿನ ಬೆಳಿಗ್ಗೆ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್ಲಿಫೈಯರ್ ಹೊತ್ತು ಎಲ್ಲರೂ ಹೊಲಕ್ಕೆ ಹೋದೆವು. ಕಂಬಗಳಿಂದ ದೂರ, ಬೇವಿನ ಮರದ ಕೆಳಗೆ. ಅಲ್ಲಿ ಎರಡು ಗಿಟಾರೂ ಮೀಟುವ ತನಕ ಮೌನ. ಮತ್ತೆ ನಾಣ್ಯ, ಮತ್ತೆ ಆರು ಸಲ. ಈ ಸಲ ಅಜ್ಜಿ ಸರಿ ಹೇಳಿದ್ದು ನಾಲ್ಕು.

ನಾಲ್ಕು ಅಂದರೆ ಒಳ್ಳೆಯ ಅಂಕವೇ ಎನ್ನಬೇಡಿ. ಏನೂ ಕೇಳಿಸದ ಒಬ್ಬರು ಸುಮ್ಮನೆ ಊಹಿಸುತ್ತಾ ಹೋದರೂ ಆರು ಊಹೆ 64 ಬಗೆಯಲ್ಲಿ ಸರಿ ತಪ್ಪು ಆಗಬಹುದು. ಅದರಲ್ಲಿ 22 ಬಗೆಯಲ್ಲಿ ನಾಲ್ಕು ಅಥವಾ ಹೆಚ್ಚು ಸರಿಯಾಗಿರುತ್ತವೆ. ಅಂದರೆ ಮೂರು ಜನ ಊಹಿಸಿದರೆ ಒಬ್ಬರಿಗಾದರೂ ಇಷ್ಟು ಅಂಕ ಸಿಕ್ಕೀತು. ಆರಕ್ಕೆ ಆರು ಮಾತ್ರ 64ರಲ್ಲಿ ಒಂದೇ ಸಲ. ಜಗಲಿಯ ಮೇಲೆ ಅಜ್ಜಿಗೆ ಖಂಡಿತ ಏನೋ ಗೊತ್ತಾಗಿತ್ತು. ಹೊಲದಲ್ಲಿ ಹಾಗೆ ಹೇಳುವಂತಿಲ್ಲ.

ಅಜ್ಜಿಯೇ ಅದನ್ನು ಬಿಡಿಸಿ ಹೇಳಿದರು. “ಇಲ್ಲಿ ಎರಡೂ ಹೆಚ್ಚೂಕಮ್ಮಿ ಒಂದೇ ಥರ ಕೇಳ್ತವೆ ಮೇಷ್ಟ್ರೇ. ಮನೇಲಿ ನಾನು ಅಡಿಗೆಮನೇಲಿ ಇರ್ತಿದ್ದೆ. ಅವನು ಬಂದು ಸ್ವಿಚ್ ಹಾಕಿದ ಕೂಡ್ಲೇ ಗುಂಯ್ ಅಂತಿತ್ತು. ಹಾಡು ಗೀಡು ಆಮೇಲೆ. ಆ ಗುಂಯ್ ಅಂದ್ರೆ, ಮಗ ಮನೆಗೆ ಬಂದ ಅಂತ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ಕೇಬಲ್ ಸುತ್ತುತ್ತಾ ಕೂತಿದ್ದ. ಜಾತ್ರೆಯ ಜನಕ್ಕೆ ಜೇನು, ಅಜ್ಜಿಗೆ ಮಗ. ಸದ್ದು ಒಂದೇ.

ಗಿಟಾರಿನ ಒಳಗೇ ಇದ್ದ ಉತ್ತರ

ಆದರೆ ವೇದಿಕೆಯ ಸಮಸ್ಯೆ ಹಾಗೇ ಇತ್ತಲ್ಲ. ಆ ಗಿಟಾರಿನಲ್ಲಿ ಮೂರು ಪಿಕಪ್, ಯಾವುದು ಬೇಕೋ ಅದನ್ನು ಆರಿಸಲು ಐದು ಸ್ಥಾನದ ಒಂದು ಸ್ವಿಚ್ಚು. ಒಂದೊಂದೇ ಸ್ಥಾನಕ್ಕೆ ತಿರುಗಿಸಿ ಬರೀ ಗುಂಯ್ ಅನ್ನು ಕೇಳಿ ಎಂದೆ. ಒಂದು, ಮೂರು, ಐದರಲ್ಲಿ ಗುಂಯ್ ಇತ್ತು. ಎರಡು ಮತ್ತು ನಾಲ್ಕರಲ್ಲಿ ಹೆಚ್ಚುಕಡಿಮೆ ಮಾಯ!

ಕಾರಣ ನಿಮಗೆ ಹೊಳೆಯಿತೇ? ಎರಡು ಮತ್ತು ನಾಲ್ಕರಲ್ಲಿ ನಡುವಿನ ಪಿಕಪ್ ಪಕ್ಕದ ಇನ್ನೊಂದರ ಜೊತೆ ಸೇರಿ ಕೆಲಸ ಮಾಡುತ್ತದೆ. ಎಷ್ಟೋ ಗಿಟಾರುಗಳಲ್ಲಿ ನಡುವಿನದನ್ನು ಬೇಕೆಂದೇ ಉಲ್ಟಾ ಸುತ್ತಿ, ಅದರ ಅಯಸ್ಕಾಂತವನ್ನೂ ಉಲ್ಟಾ ಕೂರಿಸಿರುತ್ತಾರೆ. ಅದೇ 5, 2ರ ಲೆಕ್ಕ. ಹುಡುಗ ಮೂರು ವರ್ಷದಿಂದ ಆ ಸ್ವಿಚ್ಚನ್ನು ಒಂದನೇ ಸ್ಥಾನದಲ್ಲೇ ಇಟ್ಟು ನುಡಿಸುತ್ತಿದ್ದ, ಅವನ ತಂದೆ ಕೊನೆಗೆ ಬಿಟ್ಟುಹೋದ ಸ್ಥಾನ ಅದು. ಎರಡನೇ ಸ್ಥಾನದ ದನಿ ತುಸು ತೆಳು, ಗಾಜಿನ ಬಳೆ ತಾಕಿದ ಹಾಗೆ. ಮೊದಲಿನದೇ ದನಿ ಅಲ್ಲ. ಹಾಡಿನ ಹಿಂದೆ ನುಡಿಸಲು ಚೆನ್ನಾಗಿಯೇ ಒಪ್ಪುತ್ತದೆ.

ಜೊತೆಗೆ ಸಣ್ಣಪುಟ್ಟ ಮೂರು ಕೆಲಸ. ಗಿಟಾರಿನ ಒಳಗೋಡೆಗೆ ತಾಮ್ರದ ಹಾಳೆ ಅಂಟಿಸಿ ಅದನ್ನು ಅರ್ಥಿಗೆ ಜೋಡಿಸಿದ, ‘ಚರ್ರ್’ ಎನ್ನುವ ಕಿರಿಕಿರಿ ಇಳಿಯಿತು. 15 ಮೀಟರ್ ಕೇಬಲ್ ಬಿಟ್ಟು ಚಿಕ್ಕದನ್ನು ಹಿಡಿದ. ವೇದಿಕೆಯಲ್ಲಿ ಟ್ರಾನ್ಸ್‌ಫಾರ್ಮರ್, ದೀಪದ ಪೆಟ್ಟಿಗೆಗಳಿಂದ ದೂರ ನಿಂತು, ಗುಂಯ್ ಅತಿ ಕಡಿಮೆಯಾಗುವ ದಿಕ್ಕಿಗೆ ಮೈ ತಿರುಗಿಸುವುದನ್ನು ಕಲಿತ.

ಆ್ಯಕ್ಟಿವ್ ಪಕ್ಷದ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಪ್ಯಾಸಿವ್ ಗಿಟಾರಿನಲ್ಲಿ ತಂತಿಗಳನ್ನು ಅರ್ಥಿಗೆ ಜೋಡಿಸಿರುತ್ತಾರೆ. ಆಂಪ್ಲಿಫೈಯರ್ ಕೆಟ್ಟಿದ್ದರೆ, ಊರಿನ ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿ ಹಿಡಿದ ಕೈಗೆ ಶಾಕ್ ಹೊಡೆಯಬಹುದು. ಇಎಂಜಿಯಂಥ ಆ್ಯಕ್ಟಿವ್ ಪಿಕಪ್‌ಗಳಿಗೆ ತಂತಿಯ ಅರ್ಥ್ ಬೇಕಿಲ್ಲ, ಹಾಗಾಗಿ ಆ ಅಪಾಯ ಕಡಿಮೆ. ಗಿಟಾರ್ ಯಾವುದೇ ಇರಲಿ, ಗುಂಯ್ ನಿಲ್ಲಲಿ ಎಂದು ಆಂಪ್ಲಿಫೈಯರಿನ ಪ್ಲಗ್ಗಿನ ಮೂರನೇ ಪಿನ್ನನ್ನು ಎಂದೂ ಕೀಳಬೇಡಿ. ಅದು ಜೀವ ಉಳಿಸುವ ಪಿನ್ನು. ಹಳ್ಳಿಯ ವೇದಿಕೆ ಹತ್ತುವ ಮೊದಲು ತಿಳಿದ ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ನೋಡಿಸಿ.

ಬ್ಯಾಟರಿಯ ಗಿಟಾರ್ ಇರುವವರಿಗೆ ಇನ್ನೊಂದು ಕಿವಿಮಾತು. ಹೆಚ್ಚಿನವುಗಳಲ್ಲಿ ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಚಾಲೂ ಆಗುತ್ತದೆ, ಬೇರೆ ಸ್ವಿಚ್ಚು ಇರುವುದಿಲ್ಲ. ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ನೀವು ಮಲಗಿದ್ದಾಗಲೂ ಅದು ಎದ್ದೇ ಇರುತ್ತದೆ.

ಕುರಿಗಳ ವಿಷಯ ಕೇಳುತ್ತೀರೇನೋ. ಅವು ಹಟ್ಟಿಯಲ್ಲೇ ಇವೆ. “ನಾನೇ ದುಡಿದಾಗ ಆ್ಯಕ್ಟಿವ್ ಇರೋ ಬೇರೆ ಗಿಟಾರೇ ತಗೋತೀನಿ ಸಾರ್” ಎಂದಿದ್ದಾನೆ ಹುಡುಗ. ತೆಗೆದುಕೊಳ್ಳಲಿ, ಎರಡಕ್ಕೂ ಅವುಗಳದೇ ಜಾಗವಿದೆ. ಈ ವರ್ಷದ ಜಾತ್ರೆಯಲ್ಲಿ ಸ್ವಿಚ್ಚು ಎರಡನೇ ಸ್ಥಾನದಲ್ಲಿತ್ತು, ಯಾರೂ ಜೇನಿನ ಮಾತೆತ್ತಲಿಲ್ಲ. ಸಂಜೆ ಮನೆಯಲ್ಲಿ ನುಡಿಸುವಾಗ ಮಾತ್ರ ಅವನು ಒಂದನೇ ಸ್ಥಾನಕ್ಕೇ ಇಡುತ್ತಾನಂತೆ.

ನೀವೂ ಮಾಡಿ ನೋಡಿ

ಒಂದು: ಹಳೆಯ ಸ್ಪೀಕರಿನ ಅಯಸ್ಕಾಂತ ಸಿಕ್ಕರೆ ಮನೆಯ ತಂತಿ, ಪಾತ್ರೆಗಳಿಗೆ ತಾಗಿಸಿ ನೋಡಿ. ಯಾವುದು ಅಂಟುತ್ತದೆ, ಯಾವುದು ಅಂಟುವುದಿಲ್ಲ ಎಂದು ಪಟ್ಟಿ ಮಾಡಿ. ಅಂಟುವ ಲೋಹದ ತಂತಿ ಮಾತ್ರ ಗಿಟಾರಿನ ಪಿಕಪ್ಪಿಗೆ ಕೇಳುತ್ತದೆ.

ಎರಡು: ಅಜ್ಜ ಅಜ್ಜಿಯರ ಕಣ್ಣು ಮುಚ್ಚಿಸಿ. ಮೊಬೈಲಿನಲ್ಲಿ ಒಂದೇ ಹಾಡನ್ನು ಎರಡು ಸಲ ಹಾಕಿ, ಎರಡನೇ ಸಲ ಜೋರನ್ನು ಒಂದೇ ಒಂದು ಮನೆ ಏರಿಸಿ. ‘ಇವೆರಡರಲ್ಲಿ ಯಾವ ಮೊಬೈಲು ಚೆನ್ನಾಗಿದೆ?’ ಎಂದು ಕೇಳಿ. ಉತ್ತರ ಬರೆದುಕೊಂಡ ಮೇಲೆ ಗುಟ್ಟು ಹೇಳಿ. ಆಮೇಲೆ ನೀವು ಕಣ್ಣು ಮುಚ್ಚಿ, ಅಜ್ಜಿ ಹಾಕಲಿ.

ಮೂರು: ನಾಣ್ಯವನ್ನು ಆರು ಸಲ ಚಿಮ್ಮಿ, ಪ್ರತಿ ಸಲವೂ ಮೊದಲೇ ಊಹೆ ಹೇಳಿ. ನಾಲ್ಕು ಅಥವಾ ಹೆಚ್ಚು ಸರಿಯಾದದ್ದು ಮನೆಯಲ್ಲಿ ಎಷ್ಟು ಜನಕ್ಕೆ? ತರಗತಿಯಲ್ಲಿ ಮಾಡಿದರೆ ಇನ್ನೂ ಚೆಂದ. ಮೂರರಲ್ಲಿ ಒಂದು ಪಾಲಿನ ಹತ್ತಿರ ಬರುತ್ತದೆಯೇ ನೋಡಿ ಬರೆಯಿರಿ.

ಮುಂದಿನ ವಾರಕ್ಕೆ ಒಂದು ಪ್ರಶ್ನೆ: ರೇಡಿಯೋ ಹಾಕಿರುವಾಗ ಪಕ್ಕದಲ್ಲಿ ಮಿಕ್ಸಿ ತಿರುಗಿಸಿದರೆ ಏಕೆ ‘ಚರ್ರ್’ ಎನ್ನುತ್ತದೆ? ಅಜ್ಜ ಅಜ್ಜಿಯರನ್ನು ಕೇಳಿ, ನೀವೂ ಯೋಚಿಸಿ. ಜಗಲಿಯಲ್ಲಿ ಮತ್ತೆ ಸಿಗೋಣ.